ಕರಿಕಲ್ಲಿನ ಅಂಗಳ

ಕಾಗಿಣಾ ನದಿಯ ದಂಡೆಯ ಮೇಲೆ ಒಂದು ಮಠ. ಮಠದ ಮುಂದೆ ಒಂದು ಅಂಗಳ. ಕಥೆ ಆ ಅಂಗಳದ್ದು.

ಯಾವ ಕಾಲದಲ್ಲೋ ಹಾಸಿದ ಗರಸಿನ ಜಲ್ಲಿಮಣ್ಣು ಸವೆದುಹೋಗಿ ಅಡಿಯ ಎರೆಮಣ್ಣು ಮೇಲೆದ್ದಿತ್ತು. ಮಳೆ ಬಂದರೆ ಹೆಜ್ಜೆಗೊಂದು ಸೇರು ಮಣ್ಣು ಕಾಲಿಗೆ ಹತ್ತುತ್ತಿತ್ತು. ಆ ವರ್ಷ ಶ್ರಾವಣದಲ್ಲಿ ಮೂವರು ಭಕ್ತರು ಜಾರಿ ಬಿದ್ದರು. ಒಬ್ಬನಿಗೆ ಸೊಂಟ ಹಿಡಿದು ತಿಂಗಳುಗಟ್ಟಲೆ ಏಳಲಾಗಲಿಲ್ಲ.

ಮಠದ ಹಿರಿಯರಾದ ಘನಲಿಂಗ ಅಜ್ಜನವರು ಶಿಷ್ಯನನ್ನು ಕರೆದರು. ಶಿಷ್ಯನ ಹೆಸರು ನಿರುಪಾದಿ. ಮಠಕ್ಕೆ ಮುಂದಿನ ಸ್ವಾಮಿ ಅವನೇ ಎಂದು ಎಲ್ಲರಿಗೂ ಗೊತ್ತಿತ್ತು. ದೀಕ್ಷೆಯಾಗಿ, ಕಟ್ಟಿಗೆಯ ಹಾವುಗೆ ಕಾಲಿಗೇರಿ ಇನ್ನೂ ವರ್ಷ ತುಂಬಿರಲಿಲ್ಲ.

ಆ ಮಠದ ಪದ್ಧತಿ ಹೀಗೆ. ಭಕ್ತರು ಚಪ್ಪಲಿಯನ್ನು ಅಗಸಿ ಬಾಗಿಲ ಹೊರಗೆ ಬಿಟ್ಟು ಬರಿಗಾಲಲ್ಲಿ ಅಂಗಳ ದಾಟಬೇಕು. ಸ್ವಾಮಿಗಳಾದವರು ಗದ್ದಿಗೆಯ ಹೊಸ್ತಿಲವರೆಗೂ ಹಾವುಗೆಯಲ್ಲೇ ಹೋಗಬೇಕು.

ನಿರುಪಾದಿಗೆ ಹಾವುಗೆಯ ಟಕ್ ಟಕ್ ಸದ್ದು ಬಹಳ ಹಿಡಿಸಿತ್ತು. ಯಾರಿಗೆ ಹಿಡಿಸುವುದಿಲ್ಲ? ತಾನು ಬರುವ ಮೊದಲೇ ತನ್ನ ಸದ್ದು ಬರುತ್ತದೆ, ಕುಳಿತ ಜನ ಎದ್ದು ನಿಲ್ಲುತ್ತಾರೆ.

"ಅಂಗಳಕ್ಕ ಏನಾರ ಹಾಸಬೇಕು," ಎಂದರು ಅಜ್ಜ. "ಏನು ಹಾಸಬೇಕು ಅನ್ನೋದು ನೀನೇ ಆರಿಸು."

"ಯಾರನ್ನ ಕೇಳಲಿ ಅಜ್ಜಾರೇ?"

"ಎಲ್ಲಾರನ್ನೂ ಕೇಳು. ಆದ್ರ ಈ ಅಂಗಳದ ಮಟ್ಟಿಗೆ ನಮ್ಮ ಮಠದಾಗ ಇಬ್ಬರು ಕುರುಡರಿದ್ದಾರ. ಅವರ ಮಾತು ಮಾತ್ರ ನಂಬಬ್ಯಾಡ."

ನಿರುಪಾದಿ ಯೋಚಿಸಿದ. ಅಡುಗೆಯ ಸಾಯಿಬಣ್ಣನಿಗೆ ಒಂದು ಕಣ್ಣಿನಲ್ಲಿ ಪೊರೆ. ಪತ್ರೆ ತರುವ ಮುದುಕನಿಗೆ ಎರಡರಲ್ಲೂ ಪೊರೆ. ಒಟ್ಟು ಇಬ್ಬರು. ಲೆಕ್ಕ ಸರಿಹೋಯಿತೆಂದು ಅವರಿಬ್ಬರನ್ನೂ ಅವನು ಕೇಳಲಿಲ್ಲ.

ಪುಷ್ಯಮಾಸದಲ್ಲಿ ದೂರದ ಊರಿನ ಭಕ್ತರೊಬ್ಬರು ಒಂದು ಕಲ್ಲು ಕಳಿಸಿದರು. ಕರಿ ಕಲ್ಲು. ತಿಕ್ಕಿ ತಿಕ್ಕಿ ಮಿಂಚು ಬರಿಸಿದ್ದು. ಒಪ್ಪಿಗೆಯಾದರೆ ಇಡೀ ಅಂಗಳಕ್ಕೆ ಇಂಥದ್ದನ್ನೇ ಹಾಸಿಕೊಡುತ್ತೇನೆ ಎಂದು ಹೇಳಿ ಕಳಿಸಿದ್ದರು.

ಮುಂಜಾನೆಯ ಚಳಿಯಲ್ಲಿ ಕಲ್ಲನ್ನು ಅಂಗಳದಲ್ಲಿಟ್ಟರು. ನಿರುಪಾದಿ ಅದರ ಮೇಲೆ ಹತ್ತಿ ನಿಂತ. ಬಗ್ಗಿ ನೋಡಿದ. ಆಕಾಶ ಕಾಣಿಸಿತು, ಆಕಾಶದ ನಡುವೆ ತನ್ನ ಮುಖವೂ ಕಾಣಿಸಿತು.

ಅಷ್ಟು ಹೊತ್ತಿಗೆ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುವ ಭೀಮಶಾ ಕೈಮುಗಿದುಕೊಂಡು ಬಂದ.

"ಅಪ್ಪಾರೇ, ತಪ್ಪು ತಿಳೀಬ್ಯಾಡ್ರಿ. ಕರಿ ಕಲ್ಲು ನಮ್ಮ ಬಿಸಿಲಿಗೆ ಆಗಿಬರಂಗಿಲ್ಲ. ನಮ್ಮ ಪರಸಿನೇ ಹಾಕ್ರಿ. ಒರಟು ಮೈಯಿದ್ದದ್ದು."

ನಿರುಪಾದಿ ನಕ್ಕ. "ಹೆತ್ತವರಿಗೆ ಹೆಗ್ಗಣ ಮುದ್ದು ಭೀಮಶಾ. ನಿನ್ನ ಗಣಿ ಕಲ್ಲು ನಿನಗ ಚಂದ."

ಭೀಮಶಾ ಕೈಮುಗಿದು ಹೊರಟುಹೋದ. ಸ್ವಾಮಿಗಳ ಮಾತಿಗೆ ಎದುರಾಡುವುದು ಅವನ ಮನೆತನದಲ್ಲೇ ಇರಲಿಲ್ಲ.

ನಿರುಪಾದಿ ಅಜ್ಜನವರ ಬಳಿ ಹೋದ. "ಅಜ್ಜಾರೇ, ಕಲ್ಲು ಛಲೋ ಅದ. ನಾನೇ ನಿಂತು ನೋಡಿದೆ."

"ನಿಂತು ನೋಡಿದವರು ಯಾರು?"

"ನಾನೇ ಅಜ್ಜಾರೇ."

ಅಜ್ಜ ಅವನ ಕಾಲ ಕಡೆ ಒಮ್ಮೆ ನೋಡಿದರು.

ಮಾಘ ಮುಗಿಯುವುದರೊಳಗೆ ಅಂಗಳವೆಲ್ಲ ಕರಿಕಲ್ಲಾಯಿತು. ಹೊಸ ಗರಸು ಸುರಿದು, ಮೇಲೆ ಮರಳು ಹರವಿ, ಅದರ ಮೇಲೆ ಕಲ್ಲು ಕೂಡಿಸಿದರು. ನದಿಯ ಕಡೆಯ ಮೂಲೆಯ ಒಂದೇ ಒಂದು ಕಲ್ಲನ್ನು ಮಾತ್ರ ಸಿಮೆಂಟು ಹಾಕಿ ಭದ್ರ ಮಾಡಿದರು. ಅದರಲ್ಲಿ ನಿರುಪಾದಿಯ ಹೆಸರು ಕೆತ್ತಿದ್ದರು. ದಾನಿಗಳೇ ಕೆತ್ತಿಸಿದ್ದು, ನಿರುಪಾದಿ ಬೇಡ ಎನ್ನಲಿಲ್ಲ.

ನೋಡಿದವರೆಲ್ಲ ಹೊಗಳಿದರು. ನೋಡುವುದಕ್ಕೆ ಚೆನ್ನಾಗಿಯೇ ಇತ್ತು.

ಚೈತ್ರ ಬಂತು. ಆ ಕಡೆಯ ಚೈತ್ರ ಎಂದರೆ ಗಾಳಿಯೂ ಒಲೆಯ ಬಾಯಿಂದ ಬಂದ ಹಾಗೆ ಬರುತ್ತದೆ.

ಒಂದು ದಿನ ನಿರುಪಾದಿ ಪಡಸಾಲೆಯಲ್ಲಿ ಕುಳಿತಿದ್ದ. ಮಠದ ನಾಯಿ ಅಗಸಿಯಿಂದ ಒಳಗೆ ಬಂತು. ಕಲ್ಲಿನ ಮೇಲೆ ಒಂದು ಕಾಲಿಟ್ಟಿತು, ಎತ್ತಿಕೊಂಡಿತು. ಇನ್ನೊಂದು ಕಾಲಿಟ್ಟಿತು, ಎತ್ತಿಕೊಂಡಿತು. ಆಮೇಲೆ ಗೋಡೆ ಬದಿಯ ಮಣ್ಣು ಹಿಡಿದು ಅಂಗಳವನ್ನೆಲ್ಲ ಸುತ್ತಿ ಅಡುಗೆಮನೆಗೆ ಹೋಯಿತು.

ಅವನಿಗೆ ಏನೋ ಚುರುಕ್ ಎಂದಿತು. ಆವತ್ತಿನಿಂದ ಗಮನಿಸತೊಡಗಿದ.

ಕಲ್ಲಿನ ಮೇಲೆ ಚೆಲ್ಲಿದ ಜೋಳ ಚೆಲ್ಲಿದ ಹಾಗೇ ಇತ್ತು. ಒಂದು ಗುಬ್ಬಿಯೂ ಇಳಿದಿರಲಿಲ್ಲ. ಮಧ್ಯಾಹ್ನ ದಾಸೋಹಕ್ಕೆ ಬಂದವರು ಅಗಸಿಯಲ್ಲಿ ನಿಂತು ಉಸಿರು ಹಿಡಿಯುತ್ತಿದ್ದರು. ಹೆಂಗಸರು ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದರು. ಆಮೇಲೆ ಓಡುತ್ತಿದ್ದರು. ಪೊರೆ ಬಂದ ಪತ್ರೆಯ ಮುದುಕ ಮಾತ್ರ ಓಡಲಾರದೆ, ತುಟಿ ಕಚ್ಚಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಿದ್ದ.

"ಅಂಗಳ ಸುಡ್ತದೇನು?" ಎಂದು ನಿರುಪಾದಿ ಒಬ್ಬನನ್ನು ಕೇಳಿದ.

"ಏನಿಲ್ರಿ ಅಪ್ಪಾರೇ. ಗದ್ದಿಗಿಗೆ ಬರೋ ದಾರಿ. ಸುಟ್ರೂ ಪುಣ್ಯನೇ."

ಅದನ್ನು ಕೇಳಿ ಅವನಿಗೆ ಮೊದಲ ಸಲ ಅಂಜಿಕೆಯಾಯಿತು. ಬೈದಿದ್ದರೆ ಅಷ್ಟು ಅಂಜಿಕೆ ಆಗುತ್ತಿರಲಿಲ್ಲ.

ಮರುದಿನ ನಡು ಮಧ್ಯಾಹ್ನ ಅಂಗಳ ದಾಟುವಾಗ ಅವನ ಹಾವುಗೆಯಲ್ಲಿ ಬೆರಳು ಹಿಡಿಯುವ ಗೂಟ ಮುರಿಯಿತು. ಬಲಗಾಲು ಜಾರಿ ಕಲ್ಲಿನ ಮೇಲೆ ಬಿತ್ತು.

ಒಂದೇ ಉಸಿರಿನಷ್ಟು ಹೊತ್ತು. ಕಾಲು ತಾನಾಗಿಯೇ ಮೇಲೆ ಬಂತು. ಪಡಸಾಲೆಗೆ ಕುಂಟಿಕೊಂಡು ಹೋಗಿ ನೋಡಿದ. ಅಂಗಾಲಿನಲ್ಲಿ ಬೊಬ್ಬೆ ಎದ್ದಿತ್ತು.

ಆಗ ಅವನಿಗೆ ಆ ಇಬ್ಬರು ಕುರುಡರು ಯಾರೆಂದು ಗೊತ್ತಾಯಿತು. ಮಠದಲ್ಲಿ ಈಗ ಆ ಅಂಗಳವನ್ನು ಬರಿಗಾಲಲ್ಲಿ ಮುಟ್ಟದವರು ಇಬ್ಬರೇ. ಒಬ್ಬರು ಅಜ್ಜ, ಇನ್ನೊಬ್ಬ ತಾನು.

ಗೊತ್ತಾಯಿತು ನಿಜ, ಹೇಳಿಕೊಳ್ಳಲಿಲ್ಲ. ಬೊಬ್ಬೆಗೆ ಬೆಣ್ಣೆ ಹಚ್ಚಿ, ಹಾವುಗೆಗೆ ಹೊಸ ಗೂಟ ಹಾಕಿಸಿಕೊಂಡ. ಮಳೆ ಬಂದರೆ ಎಲ್ಲ ತಣ್ಣಗಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಮಳೆಗೆ ಇನ್ನೂ ಎರಡು ತಿಂಗಳಿತ್ತು.

ನಾಲ್ಕು ದಿನಕ್ಕೆ ಅಮಾವಾಸ್ಯೆ ಎನ್ನುವಾಗ ಒಬ್ಬ ಮುದುಕಿ ಬಂದಳು. ಭೀಮಶಾನ ತಾಯಿ ಸಾಬಮ್ಮ.

"ಯಪ್ಪಾ, ನನ್ನ ಮಗ ಗಣಿಯಾಗ ಕಲ್ಲಿನ ಕೆಳಗ ಸಿಕ್ಕಿದ್ದ. ಎರಡು ತಾಸು. ಮಂದಿ ಆಸೆ ಬಿಟ್ಟಿದ್ರು. ನಾ ಈ ಗದ್ದಿಗಿ ನೆನಸಿ ಹರಕಿ ಹೊತ್ತೆ. ಕೈ ಒಂದು ಮುರೀತು, ಜೀವ ಉಳೀತು. ಅಮಾಸಿ ದಿನ ದೀಡ ನಮಸ್ಕಾರ ಹಾಕ್ತೀನಿ. ಮೂರು ಸುತ್ತು."

ನಿರುಪಾದಿ ಅಂಗಳದ ಕಲ್ಲಿನ ಕಡೆ ನೋಡಿದ.

ದೀಡ ನಮಸ್ಕಾರ ಎಂದರೆ ಹೊಳೆಯಲ್ಲಿ ಮುಳುಗೆದ್ದು, ಒದ್ದೆ ಸೀರೆಯಲ್ಲಿ ನೆಲಕ್ಕೆ ಬೋರಲಾಗಿ ಬೀಳಬೇಕು. ಹಣೆ, ಎದೆ, ಹೊಟ್ಟೆ, ಮೊಣಕಾಲು ಎಲ್ಲ ನೆಲಕ್ಕೆ ಹತ್ತಬೇಕು. ಚಾಚಿದ ಕೈ ಎಲ್ಲಿ ಮುಟ್ಟಿತೋ ಅಲ್ಲಿ ಗೆರೆ ಹಾಕಿ, ಎದ್ದು ಆ ಗೆರೆಯ ಮೇಲೆ ನಿಂತು, ಮತ್ತೆ ಬೀಳಬೇಕು. ಹೀಗೆ ಅಂಗಳದ ಸುತ್ತಲೂ.

"ಮುಂಜಾನೆ ತಂಪು ಹೊತ್ತಿನಾಗ ಹಾಕ್ರಿ ತಾಯಿ. ಬಿಸಿಲು ಭಾಳ ಅದ."

"ಅವ ಸಿಕ್ಕಿದ್ದು ನಡು ಮಧ್ಯಾಹ್ನರೀ ಯಪ್ಪಾ. ನಡು ಮಧ್ಯಾಹ್ನಕ್ಕೇ ಹೊತ್ತೀನಿ."

"ನೆಲಕ್ಕ ಜಮಖಾನಿ ಹಾಸಿದ್ರ?"

"ಮೈ ನೆಲಕ್ಕ ಹತ್ತದಿದ್ರ ಅದು ದೀಡ ಆಗ್ತದೇನ್ರಿ?" ಸಾಬಮ್ಮ ದನಿ ತಗ್ಗಿಸಿದಳು. "ನನಗ ಅಂಜಿಕಿ ಅದ ಯಪ್ಪಾ. ಮಾತು ತಪ್ಪಿದ್ರ, ಮಗನ್ನ ಕೊಟ್ಟವ ಹೊಳ್ಳಿ ಕೇಳಿದ್ರ ನಾ ಏನು ಮಾಡ್ಲಿ?"

ಅವಳು ಹೋದಳು. ಸುತ್ತಿ ಹೋಗಲು ಮಣ್ಣಿನ ಬದಿಯಿತ್ತು, ಆದರೂ ಅಂಗಳದ ನಡುವೆಯೇ ಹೋದಳು. ಅಗಸಿ ದಾಟಿದ ಮೇಲೆ ಗೋಡೆ ಹಿಡಿದು ಒಂದೊಂದೇ ಕಾಲು ತಿಕ್ಕಿಕೊಂಡಳು.

ಆ ದಿನದಿಂದ ನಿರುಪಾದಿಗೆ ಅನ್ನ ಸೇರಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವ ಹಾಗೆ, ಅಜ್ಜ ಕೆಮ್ಮಿದರೂ ತನ್ನನ್ನೇ ಕರೆದರೆಂದು ಬೆಚ್ಚುತ್ತಿದ್ದ.

ನೀರು ಸುರಿಸಿ ನೋಡಿದ. ಹತ್ತು ಕೊಡ ಸುರಿದರೆ ಚುಂಯ್ ಎಂದು ಹಬೆಯಾಯಿತು. ಇನ್ನೂ ಹತ್ತು ಸುರಿಸಿದ. ಕೊಡ ಹೊತ್ತ ಸಾಯಿಬಣ್ಣ ಜಾರಿ ದಪ್ಪನೆ ಬಿದ್ದ. ಒಣಗಿದರೆ ಸುಡುವ ಕಲ್ಲು, ತೊಯ್ದರೆ ಎಣ್ಣೆ ಹಚ್ಚಿದ ಹಾಗಿತ್ತು.

"ಪೆಟ್ಟಾಯ್ತೇನೋ ಸಾಯಿಬಣ್ಣ?"

"ಬೀಳೋದೇನು ಹೊಸದೇನ್ರಿ ಅಪ್ಪಾರೇ," ಎಂದ ಅವನು ಮೊಣಕೈ ನೋಡಿಕೊಳ್ಳುತ್ತ. "ಮದಲು ಮಣ್ಣಾಗ ಬೀಳ್ತಿದ್ದೆವು. ಮಣ್ಣು ಮೆತ್ತಗಿತ್ತು."

ಕಣ್ಣು ಮುಚ್ಚಿದರೆ ನಿರುಪಾದಿಗೆ ಕರಿ ಕಲ್ಲಿನ ಮೇಲೆ ಬೋರಲಾಗಿ ಬಿದ್ದ ಮುದುಕಿ ಕಾಣುತ್ತಿದ್ದಳು. ಅವಳು ಏಳುತ್ತಿರಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಅಜ್ಜನವರ ಮುಂದೆ ನಿಂತ. ಮಧ್ಯಾಹ್ನದ ಗಂಟೆ ಆಗಷ್ಟೇ ಬಾರಿಸಿತ್ತು.

"ಅಜ್ಜಾರೇ, ಹರಕಿ ತೀರಿಸೋ ಹೊತ್ತು ಬದಲಿಸಂತ ನೀವೊಂದು ಮಾತು ಹೇಳಬಹುದೇನ್ರಿ?"

"ಯಾರ ಸಲುವಾಗಿ?"

"ಸಾಬಮ್ಮನ ಸಲುವಾಗಿ."

"ಆಕಿ ಕೇಳ್ಯಾಳೇನು?"

"ಇಲ್ಲ."

"ಹಂಗಾದ್ರ ಯಾರ ಸಲುವಾಗಿ?"

ನಿರುಪಾದಿ ತಲೆ ತಗ್ಗಿಸಿದ. "ನನ್ನ ಸಲುವಾಗಿ ಅಜ್ಜಾರೇ. ಕಲ್ಲು ಸುಡ್ತದ. ಆಕಿ ಸಾಯ್ತಾಳಂತ ಅಂಜಿಕಿ ಆಗ್ಯದ. ನಿಮಗ ಹೇಳಾಕೂ ಅಂಜಿಕಿ ಆಗಿತ್ತು."

ಅಜ್ಜ ಎದ್ದರು. ಪಡಸಾಲೆಯ ಅಂಚಿಗೆ ಬಂದು ಹಾವುಗೆ ಕಳಚಿಟ್ಟರು.

ನಲವತ್ತು ವರ್ಷ ಆ ಕಾಲು ಅಂಗಳ ಮುಟ್ಟಿರಲಿಲ್ಲ. ಅಂಗಾಲು ಕೂಸಿನ ಅಂಗಾಲಿನಷ್ಟು ಮೆತ್ತಗಿತ್ತು. ಅಜ್ಜ ಕಲ್ಲಿನ ಮೇಲೆ ಇಳಿದರು. ಅಂಗಳದ ನಡುವಿಗೆ ನಡೆದು ಹೋಗಿ ನಿಂತರು.

ನಿರುಪಾದಿ ತನ್ನ ಹಾವುಗೆ ಎಸೆದು ಅವರ ಹಿಂದೆ ಓಡಿದ.

"ಅಜ್ಜಾರೇ, ಬ್ಯಾಡ್ರಿ. ಒಳಗ ನಡೀರಿ."

"ಒಂದು ಸುತ್ತಿಗೆ ಎಷ್ಟು ದೀಡ ಆಗ್ತಾವ?"

"ನಲವತ್ತು ಅಜ್ಜಾರೇ."

"ಮೂರು ಸುತ್ತಿಗೆ?"

"ನೂರಾ ಇಪ್ಪತ್ತು."

"ಎಣಿಸು. ನೂರಾ ಇಪ್ಪತ್ತು ಆಗೋತನ ಇಲ್ಲೇ ನಿಂದ್ರೋಣ."

ನಿರುಪಾದಿ ಎಣಿಸತೊಡಗಿದ. ಐದಕ್ಕೆ ಕಣ್ಣಲ್ಲಿ ನೀರು ಬಂತು. ಹತ್ತಕ್ಕೆ ಕಾಲು ಬದಲಿಸುತ್ತ ಕುಣಿಯತೊಡಗಿದ. ಅಜ್ಜ ಕದಲದೆ ನಿಂತಿದ್ದರು, ಅವರ ಗದ್ದ ಮಾತ್ರ ನಡುಗುತ್ತಿತ್ತು. ಹದಿನೇಳಕ್ಕೆ ನಿರುಪಾದಿ ಅವರ ಕಾಲ ಹತ್ತಿರ ಬಿದ್ದ. ಬಿದ್ದ ಕೂಡಲೇ ಅಂಗೈ ಸುಟ್ಟು ಮತ್ತೆ ಎದ್ದ.

"ಎಣಿಕಿ ಬಿಟ್ಟಿ," ಎಂದರು ಅಜ್ಜ.

"ಕಲ್ಲು ಕೀಳ್ತೀನಿ ಅಜ್ಜಾರೇ."

"ಯಾವಾಗ?"

"ಈಗ."

"ಹಾರಿ ತಗೊಂಡು ಬಾ."

ಅವನು ಹಾರೆ ತಂದು, ಮೊದಲ ಕಲ್ಲನ್ನು ಮೀಟಿ ಎಬ್ಬಿಸಿದ ಮೇಲೆಯೇ ಅಜ್ಜ ಅಲ್ಲಿಂದ ಕದಲಿದ್ದು. ಸಾಯಿಬಣ್ಣ ಅವರನ್ನು ತೋಳಿನಲ್ಲಿ ಎತ್ತಿಕೊಂಡು ಒಳಗೆ ಹೋದ.

ಇಡೀ ಅಂಗಳ ಕೀಳುವಷ್ಟು ಹೊತ್ತಿರಲಿಲ್ಲ. ಮುದುಕಿ ಸುತ್ತು ಹಾಕುವ ದಾರಿಯನ್ನಾದರೂ ಬಿಡಿಸಬೇಕಿತ್ತು. ನಿರುಪಾದಿ ಭೀಮಶಾನ ಮನೆಗೆ ಬರಿಗಾಲಲ್ಲಿ ಹೋಗಿ, ಬಾಗಿಲಲ್ಲಿ ನಿಂತು, "ತಪ್ಪು ನಂದು ಭೀಮಶಾ. ನಿನ್ನ ಮಾತು ಕೇಳಬೇಕಿತ್ತು" ಎಂದ.

ಭೀಮಶಾ ಮುರಿದ ಕೈಗೆ ಜೋಳಿಗೆ ಕಟ್ಟಿಕೊಂಡೇ ಬಂದ. ಗಣಿಯ ನಾಲ್ಕು ಮಂದಿಯನ್ನೂ ಕರೆತಂದ. ತಾಯಿಗೆ ಮಾತ್ರ ಏನೂ ಹೇಳಲಿಲ್ಲ.

"ಬರೀ ಮರಳಿನ ಮ್ಯಾಲ ಕೂಡಿಸ್ಯಾರ, ಪುಣ್ಯಕ್ಕ," ಎಂದ ಅವನು. "ಸಿಮೆಂಟು ಹಾಕಿದ್ರ ನಮ್ಮ ಕಥಿ ಮುಗೀತಿತ್ತು."

ಸಂಜೆಯವರೆಗೂ ಮೀಟಿದರು. ಮರುದಿನ ನಸುಕಿನಿಂದ ಮತ್ತೆ ಮೀಟಿದರು. ಬಿಸಿಲೇರಿದ ಹಾಗೆ ನಿರುಪಾದಿಯ ಅಂಜಿಕೆಯೂ ಏರಿತು. ಬರಿಯಾದ ಗರಸಿಗೆ ಹೊಳೆಯ ನೀರು ಹೊತ್ತು ಹಾಕಿದರು. ಗರಸು ಗಟಗಟನೆ ಕುಡಿಯಿತು, ಕುಡಿದು ತಂಪಾಯಿತು.

ಒಂದು ಕಲ್ಲು ಮಾತ್ರ ಏಳಲಿಲ್ಲ. ನದಿಯ ಕಡೆಯ ಮೂಲೆಯದ್ದು, ಹೆಸರು ಕೆತ್ತಿದ್ದು. ಹಾರೆಯ ಮೊನೆ ಮುರಿಯಿತು, ಕಲ್ಲು ಅಲುಗಲಿಲ್ಲ. ಇನ್ನೊಂದು ಹಾರೆ ತರುವಷ್ಟರಲ್ಲಿ ಗಂಟೆ ಬಾರಿಸಿತು.

ಸಾಬಮ್ಮ ಹೊಳೆಯಿಂದ ಬಂದಳು. ಒದ್ದೆ ಸೀರೆ, ಹಣೆಯಲ್ಲಿ ವಿಭೂತಿ. ಬಿಡಿಸಿದ ದಾರಿ ನೋಡಿ ಮಗನ ಮುಖ ನೋಡಿದಳು. ಕೇಳುವ ಹೊತ್ತಲ್ಲ ಎಂದುಕೊಂಡು ಕೈಮುಗಿದು ನೆಲಕ್ಕೆ ಬಿದ್ದಳು.

ನಿರುಪಾದಿ ಕೋಲು ಹಿಡಿದು ಅವಳ ಮುಂದೆ ಬರಿಗಾಲಲ್ಲಿ ನಡೆದ. ಅವಳ ಕೈ ಮುಟ್ಟಿದಲ್ಲಿ ಗೆರೆ ಎಳೆಯುತ್ತ, ಮುಂದಿನ ನೆಲವನ್ನು ಅಂಗಾಲಿನಿಂದ ಮುಟ್ಟಿ ನೋಡುತ್ತ ಹೋದ. ಪ್ರತಿ ಸಲ ಅವಳು ಬಿದ್ದಾಗ ಅವನ ಎದೆ ನಿಲ್ಲುತ್ತಿತ್ತು. ಎದ್ದಾಗ ಮತ್ತೆ ಹೊಡೆದುಕೊಳ್ಳುತ್ತಿತ್ತು.

ನದಿಯ ಮೂಲೆ ಬಂತು. ಅವನು ಅಳತೆ ಹಾಕಿದ. ಮೈಯೆಲ್ಲ ಗರಸಿನ ಮೇಲೆ ಬೀಳುತ್ತದೆ, ಹಣೆ ಮಾತ್ರ ಆ ಕಲ್ಲಿನ ಮೇಲೆ.

ಅವನಿಗೆ ಬಹಳ ಅಂಜಿಕೆಯಾಯಿತು. ಅಂಜುತ್ತಲೇ ಮಂಡಿಯೂರಿ, ತನ್ನ ಎರಡೂ ಅಂಗೈಗಳನ್ನು ಆ ಕಲ್ಲಿನ ಮೇಲೆ ಒತ್ತಿದ.

ಸಾಬಮ್ಮ ಬಿದ್ದಳು. ಅವಳ ಹಣೆ ಅವನ ಕೈ ಮೇಲೆ ಬಂತು. ಅವಳು ಗಾಬರಿಯಾಗಿ ತಲೆ ಎತ್ತಿದಳು.

"ಯಪ್ಪಾ, ಕೈ ತಗೀರಿ. ನಿಮ್ಮ ಕೈ ಮ್ಯಾಲ ತಲಿ ಇಟ್ರ ನನಗ ಪಾಪ ಹತ್ತತದ."

"ಗದ್ದಿಗಿಗೆ ಹೋಗೋ ದಾರಿ ತಾಯಿ ಇದು. ನೆಲ ಅಂತ ತಿಳೀರಿ."

"ಸುಡ್ತದಲ್ಲ?"

"ಸುಡ್ತದ. ಲಗೂನ ಇಡ್ರಿ."

ಅವಳು ಹಣೆ ಇಟ್ಟಳು, ಎದ್ದಳು. ಮೂರು ಸುತ್ತಿಗೆ ಮೂರು ಸಲ. ಮೂರನೆಯ ಸಲ ಅವಳು ಅಳುತ್ತಿದ್ದಳು.

ಮೂರನೆಯ ಸುತ್ತು ಮುಗಿದು ಗದ್ದಿಗೆಯ ಹೊಸ್ತಿಲಲ್ಲಿ ಅವಳು ಕುಳಿತು ನೀರು ಕೇಳಿದಾಗ, ನಿರುಪಾದಿ ಗೋಡೆಗೆ ಒರಗಿದ. ಕೋಲು ಕೈಯಿಂದ ಬಿತ್ತು. ಎತ್ತಿಕೊಳ್ಳಲು ಬೆರಳು ಮಡಿಸಲಾಗಲಿಲ್ಲ.

ಅಜ್ಜನ ಕಾಲು ಮಾಯುವುದಕ್ಕೆ ಒಂದು ತಿಂಗಳು ಹಿಡಿಯಿತು. ನಿರುಪಾದಿಯ ಕೈಯೂ ಹಾಗೆಯೇ. ಇಬ್ಬರೂ ಪಡಸಾಲೆಯಲ್ಲಿ ಕುಳಿತು ಲೋಳೆಸರ ಹಚ್ಚಿಸಿಕೊಳ್ಳುವುದನ್ನು ನೋಡಿ ಸಾಯಿಬಣ್ಣ ತಮಾಷೆ ಮಾಡುತ್ತಿದ್ದ. "ಒಬ್ಬರಿಗೆ ಕಾಲಿಲ್ಲ, ಒಬ್ಬರಿಗೆ ಕೈಯಿಲ್ಲ. ಇಬ್ಬರೂ ಕೂಡಿದ್ರ ಒಬ್ಬ ಸ್ವಾಮಿ ಆಗ್ತೀರಿ."

ಆ ಹೊತ್ತಿಗೆ ಕರಿಕಲ್ಲೆಲ್ಲ ಎದ್ದಿತ್ತು. ಭೀಮಶಾ ಅಂಗಳದ ಮೂಲೆಯಲ್ಲಿ ಐದು ಚೌಕ ಹಾಸಿ ಕೊಟ್ಟಿದ್ದ. ಒಂದು ಗರಸು. ಒಂದು ಇಟ್ಟಿಗೆ. ಒಂದು ಸುಣ್ಣದ ಗಾರೆ. ಒಂದು ನುಣುಪು ಪರಸಿ. ಇನ್ನೊಂದು ಒರಟು ಮೈಯ ಬಿಳಿ ಪರಸಿ, ಕಲ್ಲಿಗೂ ಕಲ್ಲಿಗೂ ನಡುವೆ ಬೆರಳಷ್ಟು ಸಂದು ಬಿಟ್ಟು, ಸಂದಿನಲ್ಲಿ ಗರಸು ತುಂಬಿದ್ದು.

ನಿರುಪಾದಿ ದಿನಾ ಮಧ್ಯಾಹ್ನ ಹಾವುಗೆ ಬಿಟ್ಟು ಆ ಐದರ ಮೇಲೂ ನಿಲ್ಲುತ್ತಿದ್ದ. ಪತ್ರೆಯ ಮುದುಕನನ್ನೂ ಕೈಹಿಡಿದು ನಿಲ್ಲಿಸಿ ಕೇಳುತ್ತಿದ್ದ. ಮೊದಲ ಮಳೆ ಬಂದಾಗಲೂ ಇಬ್ಬರೂ ತೊಯ್ದುಕೊಂಡು ನಿಂತರು.

"ಕಡೀದು, ಒರಟು ಪರಸಿ," ಎಂದ ಮುದುಕ. "ಬಿಸಲಾಗ ಇದ್ದುದ್ರಾಗ ತಡೀತದ. ಮಳ್ಯಾಗ ಕಾಲು ಹಿಡೀತದ. ಎರಡೂ ಬದಿ ಬೇವಿನ ಗಿಡ ಹಚ್ಚಿದ್ರ ಇನ್ನೂ ಛಲೋ."

ಸಾಯಿಬಣ್ಣನೂ ಅದನ್ನೇ ಹೇಳಿದ. ಭೀಮಶಾ ಅದನ್ನು ಮೊದಲೇ ಹೇಳಿದ್ದ. ಆದರೂ ನಿರುಪಾದಿಗೆ ಹೂಂ ಎನ್ನಲು ಧೈರ್ಯವಾಗಲಿಲ್ಲ.

ಒಂದು ಸಂಜೆ ಅಜ್ಜನವರ ಮುಂದೆ ಕುಳಿತ.

"ಅಜ್ಜಾರೇ, ಈ ಸಲ ನೀವೇ ಆರಿಸ್ರಿ."

"ನಾ ಕುರುಡ. ಆವತ್ತೇ ಹೇಳಿದ್ನಲ್ಲ."

"ಎಲ್ಲಾರೂ ಒರಟು ಪರಸಿನೇ ಅಂತಾರ. ನನ್ನ ಕಾಲೂ ಅದನ್ನೇ ಅಂತದ. ಆದ್ರ ಹಾಸ್ರಿ ಅನ್ನಾಕ ಬಾಯಿ ಬರವಲ್ದು. ಮಾಗಿ ಚಳಿ ಇನ್ನೂ ನೋಡಿಲ್ಲ. ಪತ್ರಿ ಮುತ್ಯಾ ಎಡವಿದ್ರ? ಮಂದಿ ಮತ್ತ ಪುಣ್ಯ ಅಂತ ಸುಮ್ಮನಿದ್ರ? ಅಂಜಿಕಿ ಆಗ್ತದ ಅಜ್ಜಾರೇ. ಈ ಅಂಜಿಕಿ ಬಿಡೋದು ಹ್ಯಾಂಗ?"

ಅಜ್ಜ ಅವನ ಅಂಗೈ ತೆಗೆದುಕೊಂಡು ಸುಟ್ಟ ಕಲೆಯ ಮೇಲೆ ಹೆಬ್ಬೆರಳಾಡಿಸಿದರು.

"ಬಿಡಬ್ಯಾಡ. ಕರಿಕಲ್ಲು ಆರಿಸುವಾಗ ಅದು ನಿನ್ನ ಕೂಡ ಇರಲಿಲ್ಲ."